‘ಹೋಮ್ ನರ್ಸಿಂಗ್’ ಅಂತ ಬರೆದರೆ ಆಯಾ ಬೇಕು ಅಂತಲೇ ಫೋನ್ ಬರುತ್ತದೆ

ತೊಂದರೆ ಬಹುಶಃ ಆ ಹೆಸರಲ್ಲೇ ಇದೆ. ಆಸ್ಪತ್ರೆಯ ವಾರ್ಡ್ ಕೆಲಸ ಬಿಟ್ಟು ಕುವೆಂಪುನಗರದಲ್ಲಿ ‘ಹೋಮ್ ನರ್ಸಿಂಗ್’ ಶುರು ಮಾಡಿದ್ದೀರಿ, ಬರುವ ಫೋನೆಲ್ಲ ಇಡೀ ದಿನಕ್ಕೆ ಆಯಾ ಬೇಕು ಅಂತಲೇ ಅಂದಿರಲ್ಲ, ಮೈಸೂರಲ್ಲಿ ತುಂಬಾ ಜನ ಹೋಮ್ ನರ್ಸ್ ಅಂದರೆ ಮನೆಯಲ್ಲೇ ಉಳಿದು ನೋಡಿಕೊಳ್ಳುವವರು ಅಂದುಕೊಳ್ಳುತ್ತಾರೆ. ನನಗೂ ಹಾಗೇ ಆಗಿತ್ತು.

ಮೊದಲು ಬೋರ್ಡ್, ವಾಟ್ಸಾಪ್ ಎರಡರಲ್ಲೂ ಆ ಪದ ತೆಗೆಯಿರಿ. ಮಾಡುವ ಕೆಲಸವನ್ನೇ ಬರೆಯಿರಿ: ಗಾಯದ ಡ್ರೆಸ್ಸಿಂಗ್, ಕ್ಯಾಥೆಟರ್ (ಮೂತ್ರದ ನಳಿಕೆ) ಬದಲಾವಣೆ, ಇಂಜೆಕ್ಷನ್, ಒಂದು ಸಲ ಬಂದರೆ ಇಷ್ಟು ಅಂತ ದರ ಸಮೇತ. ಆಮೇಲೆ ಹತ್ತಿರದ ಸರ್ಜನ್, ಶುಗರ್ ಕ್ಲಿನಿಕ್‌ಗಳಿಗೆ ಹೋಗಿ ಮಾತಾಡಿ. ಕಾಲಲ್ಲಿ ಶುಗರ್ ಹುಣ್ಣು ಇರುವ ವಯಸ್ಸಾದವರಿಗೆ ಆಟೋ ಹತ್ತಿ ಇಳಿಯುವುದೇ ಕಷ್ಟ ಅಲ್ವಾ, ದಿನ ಬಿಟ್ಟು ದಿನ ಡ್ರೆಸ್ಸಿಂಗ್‌ಗೆ ಹೇಗೆ ಬರುತ್ತಾರೆ? ನನ್ನ ಕೈ ಹಿಡಿದದ್ದು ಅಂಥ ರೋಗಿಗಳೇ.

ಡಾಕ್ಟರ್ ಚೀಟಿ ಇಲ್ಲದೆ ಇಂಜೆಕ್ಷನ್, ಡ್ರಿಪ್ ಮುಟ್ಟಬೇಡಿ, ಎಷ್ಟೇ ಪರಿಚಯದವರು ಕೇಳಲಿ. ಹೋದಾಗಲೆಲ್ಲ ಬಿಪಿ, ಗಾಯದ ಅಳತೆ ನೋಟ್‌ಬುಕ್ಕಲ್ಲಿ ಬರೆದು ಮನೆಯವರ ಸಹಿ ಹಾಕಿಸಿ.

ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರಲಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ. ಇನ್ನಷ್ಟು ನರ್ಸ್‌ಗಳನ್ನು ಸೇರಿಸಿಕೊಳ್ಳುವುದಾದರೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಬೇಕಾ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿ. ನಿಮಗೆ ಎಷ್ಟು ದಿನಕ್ಕೆ ಕುದುರುತ್ತದೋ ಹೇಳಲಾರೆ, ನನಗೆ ನಾಲ್ಕು ತಿಂಗಳು ಹಿಡಿಯಿತು.