ಸೆಕೆಂಡ್ ಹ್ಯಾಂಡ್ ಇವಿ: ಮೊದಲು ಪ್ಲಗ್ ಪಾಯಿಂಟ್, ಆಮೇಲೆ ಕಾರು

ಪ್ರಶ್ನೆ: ಮನೆಯಲ್ಲಿ ಒಂದು ಡೀಸೆಲ್ ಕಾರಿದೆ. ಮಕ್ಕಳ ಶಾಲೆ, ಪತ್ನಿಯ ಆಫೀಸು, ತರಕಾರಿ, ದಿನಸಿ ಅಂತ ದಿನಕ್ಕೆ 35 ಕಿ.ಮೀ. ಓಡಾಟ. ಅದಕ್ಕೊಂದು ಹಳೇ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದೇವೆ. 32,000 ಕಿ.ಮೀ. ಓಡಿದ 2023ರ ಟಿಯಾಗೊ ಇವಿ (24 ಕಿಲೋವಾಟ್ ಅವರ್ ಬ್ಯಾಟರಿ) ಮತ್ತು 61,000 ಕಿ.ಮೀ. ಓಡಿದ 2020ರ ನೆಕ್ಸಾನ್ ಇವಿ ಹೆಚ್ಚುಕಮ್ಮಿ ಒಂದೇ ಬೆಲೆಗೆ ಸಿಗುತ್ತಿವೆ. ಯಾವುದು ವಾಸಿ? ಬ್ಯಾಟರಿ ಚೆನ್ನಾಗಿದೆಯೋ ಇಲ್ಲವೋ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ?
— ಓದುಗರು, ಜೆ.ಪಿ. ನಗರ

ಉತ್ತರ: ನಿಮ್ಮ ಓಡಾಟಕ್ಕೆ ಟಿಯಾಗೊ ತೆಗೆದುಕೊಳ್ಳಿ. ನೆಕ್ಸಾನ್ ದೊಡ್ಡ ಕಾರು, ನೆಲದಿಂದ ಎತ್ತರವೂ ಹೆಚ್ಚು, ನಿಜ. ಆದರೆ ಎರಡಕ್ಕೂ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. 2020ರ ಕಾರಿನದು 2028ಕ್ಕೆ ಮುಗಿಯುತ್ತದೆ, 2023ರದು 2031ರವರೆಗೆ ಇರುತ್ತದೆ. ವಾರಂಟಿ ಮುಗಿದ ಮೇಲೆ ಬ್ಯಾಟರಿ ಪ್ಯಾಕ್ ಹೋದರೆ ಅದನ್ನು ಬದಲಿಸುವ ಖರ್ಚು ಕಾರಿನ ಬೆಲೆಯ ಹತ್ತಿರಕ್ಕೇ ಬರಬಹುದು. ಬೆಲೆ ಒಂದೇ ಇದ್ದಾಗ ಆ ಮೂರು ವರ್ಷವನ್ನು ಬಿಟ್ಟುಕೊಡಬೇಡಿ. ಸರ್ವೀಸ್ ದಾಖಲೆ ಪೂರ್ತಿ ಇದೆಯೇ ಎಂದು ನೋಡಿಕೊಳ್ಳಿ. ನಡುವೆ ಎರಡು ಸರ್ವೀಸ್ ತಪ್ಪಿದ್ದರೆ ವಾರಂಟಿ ಕೇಳುವಾಗ ಅದೇ ತಕರಾರಾಗುತ್ತದೆ.

ಒಂದು ಪೂರ್ತಿ ಚಾರ್ಜ್‌ಗೆ ಕಂಪನಿ ಆಗ ಹೇಳಿದ್ದ 315 ಕಿ.ಮೀ. ಮರೆತುಬಿಡಿ. ಎಸಿ ಹಾಕಿಕೊಂಡು ಊರೊಳಗೆ ಓಡಿಸಿದರೆ ಈ ಟಿಯಾಗೊ 170ರಿಂದ 200 ಕೊಡುತ್ತದೆ. ನಿಮಗೆ ವಾರಕ್ಕೆರಡು ರಾತ್ರಿ ಚಾರ್ಜ್ ಮಾಡಿದರೆ ಸಾಕು.

ಈಗ ಬ್ಯಾಟರಿ. ಮಾರುವವರು ತೋರಿಸುವ ‘ಇನ್ನು ಇಷ್ಟು ಕಿ.ಮೀ. ಓಡುತ್ತದೆ’ ಎಂಬ ಅಂಕಿಯನ್ನು ನಂಬಬೇಡಿ. ಅದು ಹಿಂದಿನ ಕೆಲವು ಟ್ರಿಪ್‌ಗಳ ಓಡಿಸುವ ರೀತಿಯಿಂದ ಹುಟ್ಟಿದ ಅಂದಾಜು ಅಷ್ಟೆ. ಬದಲಿಗೆ ಹೀಗೆ ಮಾಡಿ. ಹಿಂದಿನ ರಾತ್ರಿ 15 ಆಂಪ್ ಸಾಕೆಟ್‌ನಲ್ಲಿ ನಿಧಾನವಾಗಿ ಪೂರ್ತಿ 100ಕ್ಕೆ ಚಾರ್ಜ್ ಮಾಡಿಡಲು ಹೇಳಿ. ಬೆಳಿಗ್ಗೆ ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಡಿ. ಚಾರ್ಜ್ ಕಡೇ ಪಕ್ಷ 30 ಪರ್ಸೆಂಟ್ ಇಳಿಯಬೇಕು, ಬಡಾವಣೆಯ ಒಂದು ಸುತ್ತು ಸಾಲದು. ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋಗಿ ಬಂದರೆ ಲೆಕ್ಕ ಸರಿಹೋಗುತ್ತದೆ.

60 ಕಿ.ಮೀ. ಓಡಿತು, ಮೀಟರ್ ಸರಾಸರಿ ಬಳಕೆ ಕಿ.ಮೀ.ಗೆ 125 ವಾಟ್ ಅವರ್ ಎಂದು ತೋರಿಸುತ್ತಿದೆ ಎನ್ನೋಣ. ಗುಣಿಸಿದರೆ ಖರ್ಚಾದದ್ದು 7,500 ವಾಟ್ ಅವರ್, ಅಂದರೆ 7.5 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಅವರ್). ಚಾರ್ಜ್ 100ರಿಂದ 66ಕ್ಕೆ ಬಂದಿದ್ದರೆ, 7.5 ಅನ್ನು 0.34ರಿಂದ ಭಾಗಿಸಿ: ಸುಮಾರು 22. ಅಂದರೆ 24ರ ಬ್ಯಾಟರಿಯಲ್ಲಿ 22 ಉಳಿದಿದೆ. ಹೊಸ ಕಾರಿನಲ್ಲೂ ಸ್ವಲ್ಪ ಭಾಗವನ್ನು ಮೀಸಲಾಗಿ ಇಟ್ಟಿರುತ್ತಾರಾದ್ದರಿಂದ ಇದು ಒಳ್ಳೆಯ ಅಂಕಿ. ಅದೇ ಓಟಕ್ಕೆ ಚಾರ್ಜ್ 57ಕ್ಕೆ ಕುಸಿದಿದ್ದರೆ ಉತ್ತರ 17.4 ಬರುತ್ತದೆ, ಆಗ ಬೆಲೆಯ ಮಾತೇ ಬೇಡ, ಬೇರೆ ಕಾರು ನೋಡಿ. ಈ ಲೆಕ್ಕ ನಾಲ್ಕೈದು ಪರ್ಸೆಂಟ್ ಹಿಂದೆಮುಂದೆ ಆಗಬಹುದು. ಹಾಗಾಗಿ ಮುಂಗಡ ಕೊಡುವ ಮುನ್ನ ಕಂಪನಿಯ ಸರ್ವೀಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿಸಿ ಬ್ಯಾಟರಿಯಲ್ಲಿ ಎಷ್ಟು ಸಾಮರ್ಥ್ಯ ಉಳಿದಿದೆ ಎಂದು ಹೇಳುವ ‘ಸ್ಟೇಟ್ ಆಫ್ ಹೆಲ್ತ್’ ವರದಿ ಪಡೆಯಿರಿ. ಇದಕ್ಕೆ ಮಾಲೀಕರು ಒಪ್ಪದಿದ್ದರೆ ಕಾರಣ ನೀವೇ ಊಹಿಸಿ.

ಒಂದು ಎಚ್ಚರಿಕೆ. ಈ ಎರಡೂ ಕಾರುಗಳಲ್ಲಿರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳು. ಚಾರ್ಜ್ 80 ಇದ್ದರೂ 40 ಇದ್ದರೂ ಇವುಗಳ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ, ಹೀಗಾಗಿ ಕಾರಿನ ಕಂಪ್ಯೂಟರ್ ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಎಣಿಸಿಯೇ ಪರ್ಸೆಂಟ್ ಹೇಳುತ್ತದೆ. ಸದಾ ಫಾಸ್ಟ್ ಚಾರ್ಜರ್‌ನಲ್ಲಿ 80ಕ್ಕೇ ನಿಲ್ಲಿಸುತ್ತಾ ಬಂದ ಕಾರಿನಲ್ಲಿ ಈ ಎಣಿಕೆ ತಪ್ಪಿ, 20 ಇದ್ದದ್ದು ದಿಢೀರನೆ 8ಕ್ಕೆ ಇಳಿಯುತ್ತದೆ. ಹಾಗಾದಾಗೆಲ್ಲ ಸೆಲ್ ಸತ್ತಿದೆ ಎಂದುಕೊಳ್ಳಬೇಡಿ. ಎರಡು ಸಲ ನಿಧಾನವಾಗಿ 100ರವರೆಗೆ ಚಾರ್ಜ್ ಮಾಡಿ ಮತ್ತೆ ಓಡಿಸಿ ನೋಡಿ. ಆಗಲೂ ಹಾಗೇ ಇಳಿದರೆ ಮಾತ್ರ ಅದು ಬ್ಯಾಟರಿಯ ರೋಗ.

ಲಿಫ್ಟ್ ಮೇಲೆ ಏರಿಸಿ ಹೊಟ್ಟೆ ನೋಡುವುದನ್ನು ಮರೆಯಬೇಡಿ. ಪ್ಯಾಕ್ ಇರುವುದೇ ಅಲ್ಲಿ, ನಮ್ಮೂರಿನ ಹಂಪ್‌ಗಳ ಬಗ್ಗೆ ಹೇಳಬೇಕಿಲ್ಲ. ಮೇಲ್ಮೈಯ ಗೀರು ಪರವಾಗಿಲ್ಲ. ಪ್ಯಾಕ್‌ನ ತಟ್ಟೆ ಒಳಕ್ಕೆ ತಗ್ಗಿದ್ದರೆ ಬೇಡ. ಹೊರಗಿನ ಪೆಟ್ಟು ಎಂದು ವಾರಂಟಿಯನ್ನೇ ನಿರಾಕರಿಸುತ್ತಾರೆ. ಮುಂದಿನ ಟೈರ್‌ಗಳು ಹಿಂದಿನವಕ್ಕಿಂತ ಬೇಗ ಸವೆದಿರುವುದು ಸಹಜ. ಬಾನೆಟ್ ಒಳಗಿನ ಸಣ್ಣ 12 ವೋಲ್ಟ್ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಹೊಸದಕ್ಕೆ ದುಡ್ಡು ಎತ್ತಿಡಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಕಾರಿನ ಜತೆ ಬಂದ ಚಾರ್ಜರ್ ಕೇಬಲ್ ಕೇಳಿ ಪಡೆಯಿರಿ, ಅದರ ಪ್ಲಗ್ ಪಿನ್ ನೋಡಿ: ಕಂದು ಬಣ್ಣಕ್ಕೆ ತಿರುಗಿದ್ದರೆ ಸಡಿಲ ಸಾಕೆಟ್‌ನಲ್ಲಿ ಸುಟ್ಟಿದೆ ಎಂದರ್ಥ. ಕಾರಿನ ಮೊಬೈಲ್ ಆ್ಯಪ್‌ನಿಂದ ಹಳೇ ಮಾಲೀಕರ ಖಾತೆ ತೆಗೆಸಿ, ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿದೆ ಎಂದು ಅವರ ಫೋನಿಗೆ ತಿಳಿಯುತ್ತಲೇ ಇರುತ್ತದೆ.

ಇಷ್ಟಕ್ಕೂ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲೇ ಇದೆ. ಮೀಟರ್ ಬೋರ್ಡ್‌ನಿಂದ ಪಾರ್ಕಿಂಗ್‌ಗೆ ಬೇರೆಯದೇ ಲೈನ್ ಎಳೆಸಿ: 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ (ಲೋಡ್ ಮೀರಿದರೆ ಕಟ್ ಆಗುವ ಸ್ವಿಚ್), 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಆಗುವ ಸ್ವಿಚ್), ಒಳ್ಳೆಯ ಕಂಪನಿಯ ಸಾಕೆಟ್. ಗೀಸರ್‌ನ ಲೈನಿಗೆ ಸೇರಿಸಬೇಡಿ. ಗೀಸರ್ ಕಾಲು ಗಂಟೆ ಕರೆಂಟ್ ಎಳೆಯುತ್ತದೆ, ಕಾರು ಎಂಟು ಗಂಟೆ ಎಳೆಯುತ್ತದೆ; ಸಡಿಲ ಜಾಯಿಂಟ್ ಕರಗುವುದು ಆ ಐದಾರನೇ ಗಂಟೆಯಲ್ಲಿ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟಾಗ ಸಾಕೆಟ್‌ನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಎಷ್ಟೋ ಹಳೇ ಮನೆಗಳಲ್ಲಿ ‘ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ’ ಎಂಬ ದೂರಿನ ಮೂಲ ಇದೇ. ಮಂಜೂರಾದ ಲೋಡ್ 3 ಕಿಲೋವಾಟ್ ಇದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ.

ಖರ್ಚಿನ ಲೆಕ್ಕದಲ್ಲಿ ಬಹಳ ಮಂದಿ ಎಡವುವುದು ಗೃಹಜ್ಯೋತಿಯಲ್ಲಿ. ತಿಂಗಳಿಗೆ 25 ದಿನ ಓಡಿದರೆ 875 ಕಿ.ಮೀ.; ಚಾರ್ಜ್ ಆಗುವಾಗಿನ ನಷ್ಟವೂ ಸೇರಿ ಸುಮಾರು 125 ಯೂನಿಟ್. ಯೂನಿಟ್‌ಗೆ ₹6 ಹಿಡಿದರೆ ₹750. ಆದರೆ ಈಗ ಮನೆಗೆ 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದೀರಿ ಎನ್ನಿ. ಕಾರು ಸೇರಿದರೆ 245 ಆಗಿ 200ರ ಗೆರೆ ದಾಟುತ್ತದೆ, ಆಗ 45ಕ್ಕಲ್ಲ, ಪೂರ್ತಿ 245ಕ್ಕೂ ನಿಗದಿತ ಶುಲ್ಕಕ್ಕೂ ದುಡ್ಡು ಕಟ್ಟಬೇಕು. ಅಲ್ಲಿಗೆ ಕಾರಿನ ನಿಜವಾದ ಖರ್ಚು ದುಪ್ಪಟ್ಟಿಗೂ ಮೇಲೆ. ಪೆಟ್ರೋಲ್ ಕಾರಿಗೆ ಇದೇ ಓಟಕ್ಕೆ ₹6,000 ಆಸುಪಾಸು ಬೇಕಾಗುವುದರಿಂದ ಆಗಲೂ ಲಾಭವೇ. ಬೆಸ್ಕಾಂನಲ್ಲಿ ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ದರಪಟ್ಟಿ ಇದೆ. ಅದರಡಿ ಬೇರೆ ಮೀಟರ್ ಸಿಗುತ್ತದೆಯೇ ಎಂದು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟು, ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿ. 2021ರ ಕಾರೊಂದು ಅಗ್ಗಕ್ಕೆ ಬಂದಿದೆ. 2022ರ ನೆರೆಯಲ್ಲಿ ಮುಳುಗಿದ್ದಿರಬಹುದೇ ಎಂಬ ಅನುಮಾನ.
— ಓದುಗರು, ಬೆಳ್ಳಂದೂರು

ಉತ್ತರ: ಅನುಮಾನ ಸರಿಯಾಗಿಯೇ ಇದೆ. ಆ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೋ ಕಾರುಗಳು ನೀರಲ್ಲಿ ನಿಂತಿದ್ದವು. ಪ್ಯಾಕ್‌ಗೆ ಐಪಿ67 ರಕ್ಷಣೆ ಇದೆ ಎಂದು ಮಾರುವವರು ಹೇಳುತ್ತಾರೆ. ಅದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಎರಡು ದಿನವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ತೊಳೆಯುವವರು ಅಲ್ಲಿಗೆ ಕೈ ಹಾಕಿರುವುದಿಲ್ಲ, ಮಣ್ಣಿನ ಗೆರೆ ಹಾಗೇ ಇರುತ್ತದೆ. ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು, ಡಿಕ್ಕಿಯ ಮ್ಯಾಟ್ ಅಡಿಯ ಕೆಸರು, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳ ಕನೆಕ್ಟರ್‌ನಲ್ಲಿ ಹಸಿರುಗಟ್ಟಿದ ಪುಡಿ ನೋಡಿ. ವಿಮೆಯ ಹಳೇ ಪಾಲಿಸಿಗಳನ್ನೂ ಕೇಳಿ. ಕ್ಲೇಮ್ ಮಾಡದೆ ಮೂರು ವರ್ಷ ಕಳೆದ ಮಾಲೀಕರಿಗೆ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಇರಬೇಕು. 2022–23ರ ಹೊತ್ತಿಗೆ ಅದು ಸೊನ್ನೆಗೆ ಇಳಿದಿದ್ದರೆ ಏಕೆ ಎಂದು ಕೇಳಿ, ಬಾಯಿಮಾತಿನ ಉತ್ತರ ಒಪ್ಪಬೇಡಿ.

ಚಾರ್ಜಿಂಗ್‌ಗೆ ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ನಿಮ್ಮದೇ ಮೀಟರ್‌ನಿಂದ ಲೈನ್ ಎಳೆಸಿ. ಮೀಟರ್ ರೂಮಿನಿಂದ 50 ಮೀಟರ್ ದಾಟಿದರೆ 6 ಚದರ ಮಿ.ಮೀ. ವೈರ್ ಬೇಕು. ಸಾಕೆಟ್ ಎದೆಮಟ್ಟಕ್ಕಿರಲಿ, ನಿಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿದ್ದ ಎತ್ತರ ವಾಚ್‌ಮನ್‌ಗೆ ಗೊತ್ತಿರುತ್ತದೆ.

ಪ್ರಶ್ನೆ: ಟ್ಯಾಕ್ಸಿಯಾಗಿ ಓಡಿದ ಎಲೆಕ್ಟ್ರಿಕ್ ಸೆಡಾನ್‌ಗಳು ತೀರಾ ಕಡಿಮೆಗೆ ಸಿಗುತ್ತಿವೆ. ಕೊಳ್ಳಬಹುದೇ?
— ಓದುಗರು, ಪೀಣ್ಯ

ಉತ್ತರ: ಮನೆಬಳಕೆಗೆ ಬೇಡ. ಟಿಗೋರ್ ಇವಿಯಂತೆಯೇ ಕಾಣುವ, ಟ್ಯಾಕ್ಸಿಗೆಂದೇ ಬಂದ ಎಕ್ಸ್‌ಪ್ರೆಸ್-ಟಿ ಕಾರುಗಳಲ್ಲಿ ಕೆಲವಕ್ಕೆ ಇರುವುದು 16.5 ಅಥವಾ 21.5 ಕಿಲೋವಾಟ್ ಅವರ್ ಬ್ಯಾಟರಿ, ಟಿಗೋರ್‌ನ 26 ಅಲ್ಲ. ದಿನವೂ ಫಾಸ್ಟ್ ಚಾರ್ಜ್ ಆಗಿ, ಎಷ್ಟೋ ಕಾರುಗಳ ವಾರಂಟಿಯ ಕಿ.ಮೀ. ಮುಗಿದಿರುತ್ತದೆ. ಹಸಿರು ಪ್ಲೇಟಿನಲ್ಲಿ ಹಳದಿ ಅಕ್ಷರವಿದ್ದರೆ ವಾಣಿಜ್ಯ ವಾಹನ, ಬಿಳಿ ಅಕ್ಷರವಿದ್ದರೆ ಖಾಸಗಿ. ಪ್ಲೇಟ್ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹಿಂದಿನ ಚರಿತ್ರೆ ಇರುತ್ತದೆ.

ಪ್ರಶ್ನೆ: ಒಂದು ವರ್ಷದ ಕಾಮೆಟ್ ಇವಿ ನಂಬಲಾಗದ ಬೆಲೆಗೆ ಬಂದಿದೆ. ಏನಾದರೂ ಮೋಸವಿದೆಯೇ?
— ಓದುಗರು, ಸಹಕಾರನಗರ

ಉತ್ತರ: ಮೋಸವೇ ಆಗಬೇಕೆಂದಿಲ್ಲ. 2024ರ ಸೆಪ್ಟೆಂಬರಿನಿಂದ ಈ ಕಾರನ್ನು ಬ್ಯಾಟರಿ ಬಾಡಿಗೆಯ ಯೋಜನೆಯಲ್ಲೂ ಮಾರಿದ್ದಾರೆ. ಆಗ ಕಾರು ₹4.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ ₹2.5 ಬಾಡಿಗೆ. ಅಂಥ ಕಾರಾದರೆ ಬ್ಯಾಟರಿ ಮಾಲೀಕರದ್ದಲ್ಲ. ಒಪ್ಪಂದ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ, ತಿಂಗಳಿಗೆ ಕನಿಷ್ಠ ಎಷ್ಟು ಕಟ್ಟಬೇಕು, ಪೂರ್ತಿ ತೀರಿಸಿ ಬಿಡಿಸಿಕೊಳ್ಳಲು ಎಷ್ಟಾಗುತ್ತದೆ ಎಂಬುದನ್ನು ಫೈನಾನ್ಸ್ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ, ಅದನ್ನು ತೆಗೆಸಲು ಬೇಕಾದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.