ಅಮ್ಮನ ಪಾಲಿನ ಮೊರ

ಪ್ರಶ್ನೆ: ಮದುವೆಯಾದ 19 ವರ್ಷಗಳಿಂದಲೂ ಗೌರಿ ಹಬ್ಬದಂದು ಅಮ್ಮನಿಗೆ ಮೊರದ ಬಾಗಿನ ಕೊಡುತ್ತ ಬಂದಿದ್ದೇನೆ. ಕಳೆದ ವರ್ಷ ಅಪ್ಪ ತೀರಿಕೊಂಡರು. ವರ್ಷಾಬ್ದಿಕ ಮುಗಿದು ಈ ಸಲ ಮತ್ತೆ ಹಬ್ಬ ಮಾಡಲಿದ್ದೇವೆ. ಸೋದರತ್ತೆಯವರು, “ಇನ್ನು ಮೇಲೆ ಬಾಗಿನವನ್ನು ನಿನ್ನ ಅತ್ತಿಗೆಗೆ ಕೊಡು, ಅಮ್ಮನಿಗೆ ಬೇಕಿದ್ದರೆ ಒಂದು ಸೀರೆ ಕೊಡು” ಎಂದಿದ್ದಾರೆ. ಅಮ್ಮನೂ “ನನಗೆ ಬೇಡ ಬಿಡೇ” ಎನ್ನುತ್ತಾರೆ. 12 ವರ್ಷದ ಮಗಳು ಮಾತ್ರ “ಅಜ್ಜಿ ಏನು ತಪ್ಪು ಮಾಡಿದರು?” ಎಂದು ಕೇಳುತ್ತಿದ್ದಾಳೆ. ಹಿರಿಯರ ಪದ್ಧತಿ ಮುರಿದಳೆಂಬ ಮಾತು ಬರದಂತೆ, ನಮ್ಮ ಮನೆಗೆ ನಾವೇ ಹೊಸ ಪದ್ಧತಿಯೊಂದನ್ನು ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಮಾಡಿಕೊಳ್ಳಬಹುದು. ಆದರೆ “ಮಾತು ಬರದಂತೆ” ಎಂಬುದನ್ನು ಮಾತ್ರ ಕೈಬಿಡಿ. ಮಾತು ಬಂದೇ ಬರುತ್ತದೆ.

ಭಾದ್ರಪದ ಶುದ್ಧ ತದಿಗೆಯಂದು ಗೌರಿ ತವರಿಗೆ ಬರುತ್ತಾಳೆ, ಮರುದಿನ ಚೌತಿಗೆ ಮಗ ಗಣೇಶ ಬಂದು ಅವಳನ್ನು ಕರೆದೊಯ್ಯುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿರುವ ಹಬ್ಬ ಇದು. ಮಗಳು ತವರಿಗೆ ಬರುವುದೇ ಇದರ ತಿರುಳಾಗಿರುವಾಗ, ಆ ತವರಿನಲ್ಲಿ ಬಾಗಿಲು ತೆರೆಯುವ ಅಮ್ಮನನ್ನೇ ಬದಿಗೆ ಸರಿಸಿ ಹಬ್ಬ ಮಾಡುವುದು ನನ್ನ ಬುದ್ಧಿಗೆ ಹೊಂದುವುದಿಲ್ಲ. ಇನ್ನು ಆ ಮೊರದೊಳಗೆ ಏನಿರುತ್ತದೆಂದು ನೋಡಿ: ಅರಿಶಿನ, ಕುಂಕುಮ, ಬಳೆ–ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲದಚ್ಚು. ಇವುಗಳಲ್ಲಿ ಮುತ್ತೈದೆತನದ ಗುರುತೆಂದು ಕರೆಯುವಂಥವು ಮೂರೋ ನಾಲ್ಕೋ. ಅವುಗಳಲ್ಲಿಯೂ ಬಳೆ ಮತ್ತು ಕುಂಕುಮ, ಇನ್ನೂ ಮದುವೆಯಾಗದ ನಿಮ್ಮ ಮಗಳಿಗೂ ಇವೆ. ಉಳಿದದ್ದೆಲ್ಲ ಅಡುಗೆಮನೆಯ ದಿನಸಿ.

ನನ್ನ ಅಜ್ಜಿಯ ಸಂಗತಿ ಹೇಳಬೇಕು. ನಮ್ಮ ಮನೆಯ ನಡುಮನೆಯಲ್ಲಿ ಸೆರಗು ಮುಚ್ಚಿ ಬಾಗಿನ ಕೊಡುವ ಹೊತ್ತಿಗೆ ಅಜ್ಜಿ ಯಾವಾಗಲೂ ಹಿತ್ತಿಲಿನಲ್ಲಿರುತ್ತಿದ್ದರು. ಹಿಂದಿನ ರಾತ್ರಿಯೇ ತೊಳೆದಿಟ್ಟಿದ್ದ ಕೊಳದಪ್ಪಲೆಯನ್ನು ಹುಣಸೆಹಣ್ಣು ಹಚ್ಚಿ ಮತ್ತೊಮ್ಮೆ ಉಜ್ಜುತ್ತಿದ್ದರು. ಅಜ್ಜಿಗೆ ಕೆಲಸವೆಂದರೆ ಇಷ್ಟ ಎಂದೇ ನಾವು ಮಕ್ಕಳೆಲ್ಲ ತಿಳಿದಿದ್ದೆವು. ಪಾತ್ರೆ ಬೆಳಗಲು ಅವರು ಅದೇ ಗಳಿಗೆಯನ್ನು ಏಕೆ ಆರಿಸಿಕೊಳ್ಳುತ್ತಿದ್ದರು ಎಂಬುದು ನನಗೆ ಹೊಳೆಯುವಷ್ಟರಲ್ಲಿ ಅವರು ಇರಲಿಲ್ಲ. ನಿಮ್ಮ ಮಗಳು ನನಗಿಂತ ಜಾಣೆ, 12ಕ್ಕೇ ಕೇಳಿದ್ದಾಳೆ.

ಆದರೂ ಆತುರಪಡಬೇಡಿ. ಅಮ್ಮನ “ಬೇಡ” ಎಂಬ ಮಾತಿನ ಒಳಗಿರುವುದೇನೆಂದು ಮೊದಲು ತಿಳಿಯಬೇಕು. ಅಪ್ಪನಿಲ್ಲದ ಹಬ್ಬದ ಸಂಕಟ ಅದಾಗಿರಬಹುದು, ನಾಲ್ಕು ಜನರೆದುರಿನ ಮುಜುಗರವಾಗಿರಬಹುದು, ಅಥವಾ ತಾನು ಬಾಗಿನ ಹಿಡಿದರೆ ಮಗಳ ಸಂಸಾರಕ್ಕೆ ಏನಾದರೂ ಆದೀತೆಂಬ, ಬಾಯಿಬಿಟ್ಟು ಹೇಳಲಾಗದ ಅಂಜಿಕೆಯೂ ಆಗಿರಬಹುದು. ಈ ಮೂರಕ್ಕೂ ಒಂದೇ ಉತ್ತರವಿಲ್ಲ. ಹಬ್ಬದ ದಿನ ಎಲ್ಲರೆದುರು ಮೊರವನ್ನು ಅವರ ಮುಂದೆ ಹಿಡಿದು “ತಗೋ ಅಮ್ಮ” ಎಂದರೆ, ನಿಮ್ಮ ಧೈರ್ಯವನ್ನು ಮೆರೆಸಲು ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದಂತಾಗುತ್ತದೆ. ಒಂದೆರಡು ವಾರ ಮೊದಲೇ, ಇಬ್ಬರೇ ಇರುವಾಗ, ಅವರೆಕಾಯಿಯನ್ನೋ ಸೊಪ್ಪನ್ನೋ ಬಿಡಿಸುತ್ತ ಕೇಳಿ. ಕುಂಕುಮ ಬೇಡವೆಂದರೆ ಅದನ್ನಷ್ಟೇ ತೆಗೆದಿಟ್ಟು ಉಳಿದದ್ದನ್ನು ಅದೇ ಮೊರದಲ್ಲಿ ತುಂಬಿ. ಬೇಕೆಂದರೆ ಎಲ್ಲವನ್ನೂ ಇಡಿ. ಸೀರೆಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಗಿಟ್ಟು ಕಳಿಸುವುದು ಮಾತ್ರ ಬೇಡ.

ಸೋದರತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. ಅತ್ತಿಗೆಗೂ ಒಂದು ಬಾಗಿನ ಕೊಡಿ, ಅದರಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ. “ಎಲ್ಲೂ ಇಲ್ಲದ್ದು” ಎಂದು ಅವರು ಹೇಳಿದರೆ, ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಿದ್ದನ್ನೂ, ನಮ್ಮ ಬೆಳಗಾವಿಯ ಗಡಿಯಾಚೆಗಿನ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿಯು ಗಂಡ ಸತ್ತಾಗ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಲು 2022ರ ಮೇ ತಿಂಗಳಲ್ಲಿ ನಿರ್ಣಯ ಮಾಡಿದ್ದನ್ನೂ ಮೆಲ್ಲಗೆ ಹೇಳಬಹುದು. ಅವರು ಒಪ್ಪುತ್ತಾರೆಂದಲ್ಲ, ಊರಿನಲ್ಲಿ ನೀವೊಬ್ಬರೇ ಅಲ್ಲ ಎಂದು ತಿಳಿಯಲಿ ಎಂದಷ್ಟೇ.

ಹೊಸ ಪದ್ಧತಿ ಎಂದಿರಲ್ಲ, ಅದಕ್ಕೊಂದು ಸಲಹೆ. ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಕ್ಕಳಿಗೆ ಅರಿಶಿನ–ಕುಂಕುಮಕ್ಕೆಂದು ಹಣ ಕಳಿಸುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ. ನಿಮ್ಮ ಮನೆಯಲ್ಲಿಯೂ ಅದನ್ನು ಅಪ್ಪ ಕಳಿಸುತ್ತಿದ್ದರೆ, ಇನ್ನು ಮೇಲೆ ಅಮ್ಮನ ಕೈಯಿಂದಲೇ ಬರಲಿ. ನೂರೊಂದು ರೂಪಾಯಿಯಾದರೂ ಸರಿ, ಅಣ್ಣನ ಮೊಬೈಲಿನಿಂದ ಜಮೆಯಾಗುವುದು ಬೇಡ. ತೆಗೆದುಕೊಳ್ಳುವ ಸಂಕೋಚದಲ್ಲಿರುವವರಿಗೆ ಕೊಡುವ ಜಾಗ ಸಿಕ್ಕರೆ ಮನಸ್ಸು ಸ್ವಲ್ಪ ಸಡಿಲಗೊಳ್ಳುತ್ತದೆ. ಮೊಮ್ಮಗಳ ಕೈಗೆ 16 ಗಂಟಿನ ಗೌರಿದಾರವನ್ನು ಅಜ್ಜಿಯೇ ಕಟ್ಟಲಿ, ಅದನ್ನು ನೀವು ಕಟ್ಟಬೇಕೆಂದೇನೂ ಇಲ್ಲ. ಈ ವರ್ಷ ಅಮ್ಮ ಯಾವುದಕ್ಕೂ ಒಪ್ಪದಿದ್ದರೆ ಅವರ ಮೊರವನ್ನು ದೇವರ ಮುಂದೆ ಇಟ್ಟು ಸುಮ್ಮನಿರಿ, ಮುಂದಿನ ವರ್ಷ ಮತ್ತೆ ಕೇಳಿ.

ಹಬ್ಬದ ಹಿಂದಿನ ದಿನ ಮೊರದ ಬೆಲೆ ಏರಿರುತ್ತದೆ. ಮೇದರ ಅಂಗಡಿಗೆ ಈಗಲೇ ಹೋಗಿ ಅಮ್ಮನಿಗೊಂದು, ಅತ್ತಿಗೆಗೊಂದು ಜೊತೆ ತನ್ನಿ. ಅರಿಶಿನ ಬಳಿದ ಮೇಲೆ ಈ ಮಳೆಗಾಲದಲ್ಲಿ ಒಣಗಲು ಎರಡು ದಿನವಾದರೂ ಬೇಕು.