ನೀರಿಲ್ಲ ಅಂತ ಹೇಳುವುದೂ ಒಂದು ಕೆಲಸವೇ

ಓದುಗರ ಪತ್ರ: ಸಂಪಾದಕರೇ, ಇಲ್ಲಿಯ ಒಂದು ಸ್ಥಳೀಯ ಸಂಸ್ಥೆಯವರು ಸೋಶಿಯಲ್ ಮೀಡಿಯಾ ನೋಡಿಕೊಳ್ಳಲು ಇಬ್ಬರನ್ನು ಹೊರಗುತ್ತಿಗೆಯಲ್ಲಿ ತೆಗೆದುಕೊಳ್ಳುತ್ತಾರಂತೆ. ನಮ್ಮ ಓಣಿಯ ಬೀದಿದೀಪ ಉರಿಯದೆ ಎರಡು ತಿಂಗಳಾಯಿತು. ಚರಂಡಿ ಕ್ಲೀನ್ ಮಾಡಲು ಜನ ಇಲ್ಲ, ಫೋಟೋ ಹಾಕಲು ಜನ ಬೇಕು! ನನ್ನ ಮೊಮ್ಮಗಳು ದಿನಕ್ಕೆ ಹತ್ತು ರೀಲ್ಸ್ ಮಾಡುತ್ತಾಳೆ, ಅವಳಿಗೆ ಯಾರೂ ಸಂಬಳ ಕೊಡುವುದಿಲ್ಲ. ಹಿಂದೆ ಡೋಲು ಬಡಿದು ಸಾರಿದರೆ ಇಡೀ ಊರಿಗೆ ವಿಷಯ ಗೊತ್ತಾಗುತ್ತಿತ್ತು. ಆ ಹಣದಲ್ಲಿ ಇಬ್ಬರು ಪೌರಕಾರ್ಮಿಕರನ್ನು ಇಟ್ಟುಕೊಳ್ಳಬಾರದೇ?
(ನಿವೃತ್ತ ಶಿಕ್ಷಕರು, ಉಡುಪಿ ಜಿಲ್ಲೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮಾಷ್ಟ್ರೇ, ನಿಮ್ಮ ಇನ್‌ಲ್ಯಾಂಡ್ ಪತ್ರ ಬಂದು ಮೂರು ವಾರವಾಯಿತು. ಇಷ್ಟು ಚಂದದ ಕೈಬರಹ ನೋಡದೆ ಎಷ್ಟೋ ಸಮಯವಾಗಿತ್ತು, ಹಾಗಾಗಿ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಎರಡು ಸಾಲಿನಲ್ಲಿ ಉತ್ತರ ಮುಗಿಸುವ ಅಂತ ಇದ್ದೆ. ಆಗಲಿಲ್ಲ. ನೀವು ಗೊತ್ತಿಲ್ಲದೆ ನನ್ನ ಹಳೆಯ ಹುಣ್ಣಿಗೇ ಕೈ ಹಾಕಿದ್ದೀರಿ.

ಮೊದಲು ನಿಮ್ಮ ಪಾಲಿನದ್ದನ್ನು ಕೊಟ್ಟುಬಿಡುತ್ತೇನೆ. 700 ಜನಕ್ಕೆ ಒಬ್ಬರು ಪೌರಕಾರ್ಮಿಕರು ಬೇಕು ಅನ್ನುವುದು ಸರಕಾರದ್ದೇ ಲೆಕ್ಕ. ಕೆಲಸ ಕಾಯಂ ಮಾಡಿ ಅಂತ 2022ರ ಜುಲೈಯಲ್ಲಿ ಅವರು ಮುಷ್ಕರಕ್ಕೇ ಕೂರಬೇಕಾಯಿತು. ಅವರ ಪಾಲಿನ ಹಣ ಕಿತ್ತು ಫೋಟೋಕ್ಕೆ ಸುರಿಯುವುದಾದರೆ ನಾನೂ ನಿಮ್ಮ ಜೊತೆ ಕಚೇರಿ ಎದುರು ಕೂರುತ್ತೇನೆ. ರಿಬ್ಬನ್ ಕತ್ತರಿಸುವ ಫೋಟೋ ಹಾಕಲು ಸಂಬಳ ಕೊಡುವುದು ದಂಡ, ಅದಕ್ಕೂ ಒಪ್ಪಿಗೆ. ಆಯಿತಲ್ಲ? ಇನ್ನು ನನ್ನ ಸರದಿ.

ಕೆಲವು ವರ್ಷಗಳ ಹಿಂದೆ ನಮ್ಮ ಅಮ್ಮ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಇನ್ನೂರೈವತ್ತು ಜನಕ್ಕೆ ಊಟ. ಅಡುಗೆಯವರು ಬೆಳಿಗ್ಗೆ ನಾಲ್ಕಕ್ಕೆ ಒಲೆ ಹೊತ್ತಿಸಿ ನಳ್ಳಿ ತಿರುಗಿಸಿದರೆ ಬರೀ ಗಾಳಿ. ಬಾವಿ ಬತ್ತಿತ್ತು, ಏಪ್ರಿಲ್ ತಿಂಗಳು. ಟ್ಯಾಂಕರಿನವನನ್ನು ಎಬ್ಬಿಸಿ, ಅವನು ಕೇಳಿದಷ್ಟು ಕೊಟ್ಟು ನೀರು ತರಿಸುವಾಗ ಏಳೂವರೆ. ಪಕ್ಕದ ಮನೆಯವರು ಹೇಳಿದರು: "ನಗರಾಡಳಿತದವರು ಫೇಸ್‌ಬುಕ್ ಪೇಜಿನಲ್ಲಿ ಹಾಕಿದ್ದರಲ್ಲ ಮಾರಾಯ್ರೆ, ನೀವು ನೋಡಲಿಲ್ವಾ?"

ನೋಡಿದೆ. ಹಾಕಿದ್ದು ಹೌದು. ಲೆಟರ್‌ಹೆಡ್ಡಿನ ಒಂದು ಕಾಗದವನ್ನು ಮೇಜಿನ ಮೇಲಿಟ್ಟು ಯಾರೋ ಓರೆಯಾಗಿ ಫೋಟೋ ತೆಗೆದಿದ್ದರು. ಟ್ಯೂಬ್‌ಲೈಟಿನ ಬೆಳಕು ಬಿದ್ದು ಅರ್ಧ ಪುಟ ಬೆಳ್ಳಗೆ. ರಬ್ಬರ್ ಸ್ಟಾಂಪ್ ಸರಿಯಾಗಿ ತಾರೀಕಿನ ಮೇಲೇ. ಉಳಿದದ್ದು ಒಂದೇ ಒಂದು ವಾಕ್ಯ, ಅದೂ ಹೀಗೆ: "ಈ ಮೂಲಕ ಸಮಸ್ತ ಸಾರ್ವಜನಿಕರ ಗಮನಕ್ಕೆ ತರಬಯಸುವುದೇನೆಂದರೆ, ಮುಖ್ಯ ಕೊಳವೆ ಮಾರ್ಗದ ತುರ್ತು ದುರಸ್ತಿ ಕಾಮಗಾರಿಯನ್ನು ಕೈಗೊಳ್ಳಬೇಕಾಗಿರುವ ಹಿನ್ನೆಲೆಯಲ್ಲಿ ಸದರಿ ದಿನದಂದು ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ."

ವ್ಯತ್ಯಯ ಅಂದರೆ ಎಂತ ಮಾಷ್ಟ್ರೇ? ನೀರು ಬರುತ್ತದೋ, ಇಲ್ಲವೋ? ಸಂಭವ ಅಂದರೆ ರಿಪೇರಿ ಮಾಡುವವರಿಗೇ ಖಾತ್ರಿ ಇಲ್ಲವೋ? ಸಹಕರಿಸುವುದು ಹೇಗೆ, ಬಾಯಾರದೆ ಇರುವುದೋ? ಕೆಳಗೆ ಮೂವತ್ತು ನಲವತ್ತು ಜನ ಕೇಳಿದ್ದರು. ಯಾವ ವಾರ್ಡ್? ಎಷ್ಟು ಹೊತ್ತಿನವರೆಗೆ? ಗುಡ್ಡೆ ಮೇಲಿನವರಿಗೂ ಇಲ್ವಾ? ಒಂದಕ್ಕೂ ಉತ್ತರ ಇಲ್ಲ. ಅದರ ನಂತರದ ಪೋಸ್ಟಿನಲ್ಲಿ ಒಂದು ತಂಗುದಾಣದ ಉದ್ಘಾಟನೆ, ಹದಿನಾಲ್ಕು ಫೋಟೋ. ಅವು ಮಾತ್ರ ಬಹಳ ಸ್ಪಷ್ಟ.

ಆ ದಿನದಿಂದ ನನಗೆ ಇದೊಂದು ಹುಚ್ಚು. ನೀವು "ಫೋಟೋ ಹಾಕುವವರು ಯಾಕೆ?" ಅಂತ ಕೇಳುತ್ತೀರಿ. "ಬರೆಯಲು ಬರುವವರು ಒಬ್ಬರೂ ಯಾಕಿಲ್ಲ?" ಅನ್ನುವುದು ನನ್ನ ಪ್ರಶ್ನೆ. ಆ ಪ್ರಕಟಣೆ ಬರೆದದ್ದು ಯಾರೋ ಪಾಪ ಗುಮಾಸ್ತರು. ತೆರಿಗೆ, ಜನನ ಮರಣ, ಕಡತ ಎಲ್ಲ ನೋಡಿಕೊಂಡು ಮಧ್ಯೆ ಹಳೆಯ ಪ್ರಕಟಣೆ ತೆರೆದು ತಾರೀಕು ಬದಲಿಸಿದ್ದಾರೆ, ಅಷ್ಟೆ. ಊರಿಗೆ ವಿಷಯ ತಿಳಿಸುವುದು ಅವರ ಕೆಲಸ ಅಂತ ಯಾರೂ ಅವರಿಗೆ ಹೇಳಿಲ್ಲ. ಅದಕ್ಕೆ ಅಂತಲೇ ಒಬ್ಬರಿದ್ದಿದ್ದರೆ ನನ್ನ ಟ್ಯಾಂಕರಿನ ದುಡ್ಡು ಉಳಿಯುತ್ತಿತ್ತು.

ನಮ್ಮ ಊರಿಗೆ ಇದು ಹೊಸತೂ ಅಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಇದೇ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಕನ್ನಡದ ಮೊದಲ ಪತ್ರಿಕೆ ಅಂತ ಆ ದಿನ ಈಗಲೂ ನಮಗೆ ಹಾರ ಹಾಕುತ್ತಾರೆ. ಅದರಲ್ಲಿ ಏನಿರುತ್ತಿತ್ತು ಅಂತ ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಊರ ವರ್ತಮಾನ ಇತ್ತು, ಅದರ ಜೊತೆಗೆ ಸರಕಾರದ ನಿರೂಪಗಳೂ ಇದ್ದವು. ಅಂದರೆ ಆಫೀಸಿನ ಆದೇಶವನ್ನು ಜನರಿಗೆ ಮುಟ್ಟಿಸುವ ಕೆಲಸ. ಜರ್ಮನಿಯಿಂದ ಬಂದ ಮನುಷ್ಯ ಕನ್ನಡ ಕಲಿತು ಅದನ್ನು ಮಾಡಿದ. ಇಲ್ಲಿಯೇ ಹುಟ್ಟಿದ ನಮಗೆ 'ಸದರಿ' ಬಿಡಲು ಆಗುತ್ತಿಲ್ಲ.

ಈಗ ನಿಮ್ಮ ಡೋಲಿನ ವಿಷಯ. ಸ್ವಲ್ಪ ಬೈಯುತ್ತೇನೆ, ಬೇಸರ ಮಾಡಬೇಡಿ. ಮಕ್ಕಳಿಗೆ ಸಮಾಜ ಪಾಠ ಹೇಳಿದವರು ನೀವು. ನಮ್ಮ ತುಳುನಾಡಿನಲ್ಲಿ ಡೋಲು ಯಾರ ಹೆಗಲ ಮೇಲಿತ್ತು, ಅವರಿಗೆ ಏನು ಸಿಗುತ್ತಿತ್ತು ಅಂತ ನಿಮಗೆ ಗೊತ್ತಿಲ್ಲದ್ದಲ್ಲ. ಡೋಲು ಬಡಿಯುತ್ತಿದ್ದ ಕೊರಗ ಸಮುದಾಯದವರನ್ನು ಬಿಟ್ಟಿಯಾಗಿ ದುಡಿಸಿ ಅವಮಾನಿಸುವ ಅಜಲು ಪದ್ಧತಿ ನಿಲ್ಲಿಸಲು 2000ನೇ ಇಸವಿಯಲ್ಲಿ ಕಾಯ್ದೆಯೇ ಬರಬೇಕಾಯಿತು. ಇಡೀ ಊರಿಗೆ ಪುಕ್ಕಟೆ ವಿಷಯ ಗೊತ್ತಾಗುತ್ತಿತ್ತು ಅಂತ ನಾವು ನೆನಪು ಮಾಡಿಕೊಳ್ಳುವಾಗ, ಬಡಿದವರ ಕೂಲಿ ಯಾರು ತಿಂದರು ಅನ್ನುವುದೂ ನೆನಪಾಗಬೇಕು, ಅಲ್ವಾ? ನಿಮ್ಮ ಮೊಮ್ಮಗಳ ಉದಾಹರಣೆಯಲ್ಲೂ ಅದೇ ಎಡವಟ್ಟು. ಅವಳು ರೀಲ್ಸ್ ಮಾಡುವುದು ಅವಳ ಖುಷಿಗೆ. ರಾತ್ರಿ ಹನ್ನೊಂದಕ್ಕೆ, ಮಳೆ ಹೊಯ್ಯುವಾಗ, ಬೈಯುವ ಜನರಿಗೆ ಉತ್ತರ ಬರೆಯುತ್ತಾ ಕೂತುಕೋ ಅಂದರೆ ಕೂರುತ್ತಾಳಾ? ಕೂತರೆ ಸಂಬಳ ಕೇಳುತ್ತಾಳೆ. ಕೇಳಲೇಬೇಕು.

ಮಳೆ ಅಂದ ಕೂಡಲೇ ನೆನಪಾಯಿತು. ಪ್ರತಿ ಜೂನ್ ಜುಲೈಯಲ್ಲಿ ನಮ್ಮ ಎರಡೂ ಜಿಲ್ಲೆಯಲ್ಲಿ ನಡೆಯುವ ನಾಟಕ ನಿಮಗೂ ಗೊತ್ತು. ಸಂಜೆ ಆರಾದರೆ ಮಕ್ಕಳೆಲ್ಲ ಜಿಲ್ಲಾಧಿಕಾರಿಗಳ ಪುಟದಲ್ಲಿ ಸಾಲುಗಟ್ಟುತ್ತಾರೆ: "ಸಾರ್, ನಾಳೆ ರಜೆ ಕೊಡಿ." ಎಂಟು ಗಂಟೆಗೆ ಯಾರೋ ಕಿಡಿಗೇಡಿ ಹಳೆಯ ರಜೆಯ ಆದೇಶದಲ್ಲಿ ತಾರೀಕು ತಿದ್ದಿ ವಾಟ್ಸ್‌ಆ್ಯಪಿಗೆ ಬಿಡುತ್ತಾನೆ. ಅದರಲ್ಲಿ ಸೀಲೂ ಉಂಟು, ಸಹಿಯೂ ಉಂಟು, 'ಸದರಿ'ಯೂ ಉಂಟು. ಅಸಲಿ ಯಾವುದು, ನಕಲಿ ಯಾವುದು? ಅಸಲಿ ಆದೇಶವೇ ಓರೆ ಫೋಟೋದಲ್ಲಿ, ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಬರುವಾಗ ನಕಲಿ ಮಾಡುವುದು ಸುಲಭ. ಒಂದು ದಿನಕ್ಕೆ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಮಳೆಯಾದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರೀ ಮಳೆ. ರೆಡ್ ಅಲರ್ಟ್ ಅಂದರೆ ಅಂಥ ಮಳೆಯ ಎಚ್ಚರಿಕೆ. ತೋಡಿನ ಬದಿಯ ಮನೆಯವರಿಗೆ ಆ ಮಿಲಿಮೀಟರ್ ಕಟ್ಟಿಕೊಂಡು ಎಂತ ಆಗಬೇಕು? "ಇವತ್ತು ರಾತ್ರಿ ತೋಡು ಉಕ್ಕಬಹುದು, ಅಕ್ಕಿ ಮೂಟೆ ಅಟ್ಟಕ್ಕೆ ಹಾಕಿ, ಈ ನಂಬ್ರಕ್ಕೆ ಫೋನ್ ಮಾಡಿ" ಅನ್ನಬೇಕು. 2020ರ ಸೆಪ್ಟೆಂಬರ್ 20, ಆದಿತ್ಯವಾರ ಬೆಳಗಾಗುವಾಗ ಉಡುಪಿಯ ತಗ್ಗಿನ ಮನೆಗಳಲ್ಲಿ ನೀರು ನಿಂತದ್ದನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಅಂಥ ರಾತ್ರಿಗೆ ಬೇಕಾದವರು ಬರೆಯುವವರು.

ಬೇಸಗೆಯ ಕತೆಯೂ ಇದೇ. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರು ಉಂಟು, ಉಡುಪಿಗೆ ಕೊಡುವ ಬಜೆಯಲ್ಲಿ ಎಷ್ಟು ಉಂಟು ಅಂತ ಪೇಪರಿನಲ್ಲಿ ಬರುತ್ತದೆ. 2019ರಲ್ಲಿ ಎರಡೂ ಊರಿಗೆ ರೇಷನಿಂಗ್ ಆದಾಗ ಜನಕ್ಕೆ ಬೇಕಾಗಿದ್ದದ್ದು ಮೀಟರ್ ಅಲ್ಲ, ನನ್ನ ಮನೆಯ ನಳ್ಳಿಗೆ ಯಾವ ದಿನ ಅನ್ನುವುದು.

ಇಂಗ್ಲೆಂಡಿನಲ್ಲಿ ಡಾಂಕಾಸ್ಟರ್ ಅಂತ ಒಂದು ಊರು. ಅಲ್ಲಿಯ ಕೌನ್ಸಿಲಿನವರು ಹಿಮ ಬಿದ್ದಾಗ ರಸ್ತೆಗೆ ಉಪ್ಪು ಎರಚುವ ಲಾರಿಗೆ ಹೆಸರಿಡಿ ಅಂತ 2017ರಲ್ಲಿ ಜನರನ್ನೇ ಕೇಳಿದರು. ಇಡೀ ದೇಶ ನಗುತ್ತಾ ಉಪ್ಪಿನ ಲಾರಿಯ ಬಗ್ಗೆ ಮಾತಾಡಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಅದೇ ಕೌನ್ಸಿಲಿನವರು ಟ್ವಿಟರಿನಲ್ಲಿ ಒಂದು ಕತೆ ಹೇಳಿದರು. 1970ರಲ್ಲಿ ಅಮೆರಿಕದ ಆರೆಗನ್‌ನ ಕಡಲ ತೀರಕ್ಕೆ ಸತ್ತ ತಿಮಿಂಗಿಲ ಬಂದು ಬಿತ್ತು. ಹೆದ್ದಾರಿ ಇಲಾಖೆಯವರು ಅರ್ಧ ಟನ್ ಡೈನಮೈಟ್ ಇಟ್ಟು ಸಿಡಿಸಿದರು. ಮಾಂಸದ ತುಂಡುಗಳು ನೋಡಲು ಬಂದವರ ಮೇಲೆಲ್ಲ ಬಿದ್ದವು, ದೂರದಲ್ಲಿ ನಿಲ್ಲಿಸಿದ್ದ ಒಂದು ಕಾರು ಚಪ್ಪಟೆಯಾಯಿತು. ಇಷ್ಟೆಲ್ಲ ಹೇಳಿ ಕೊನೆಗೆ ಅವರು ಹೇಳಿದ್ದು ಒಂದೇ, ಮನೆಯಲ್ಲಿರಿ. ಜನ ಕೊನೆಯ ಸಾಲಿನವರೆಗೂ ಓದಿದರು. ನಮ್ಮ ಮಲ್ಪೆಯಲ್ಲಿ ತಿಮಿಂಗಿಲ ಬಿದ್ದರೆ "ಸದರಿ ತಿಮಿಂಗಿಲದ ವಿಲೇವಾರಿ ಕುರಿತು" ಅಂತ ಶುರುವಾಗುತ್ತದೆ, ನಾನು ಬೆಟ್ ಕಟ್ಟುತ್ತೇನೆ.

ತಮಾಷೆ ಬೇಡ, ಕಾನೂನು ಏನು ಹೇಳುತ್ತದೆ ಅಂತ ನೀವು ಕೇಳುವವರು. 2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಅರ್ಜಿ ಹಾಕುವುದು, ಹತ್ತು ರೂಪಾಯಿ ಕಟ್ಟುವುದು ಅಂತ ನಾವು ತಿಳಿದಿದ್ದೇವೆ. ಅದರ 4ನೇ ಕಲಂ ಓದಿ. ಯಾರೂ ಕೇಳದೆಯೇ ಕಚೇರಿಯವರು ತಾವಾಗಿ ಹೇಳಬೇಕಾದ ಹದಿನೇಳು ಬಗೆಯ ವಿಷಯಗಳ ಪಟ್ಟಿ ಅಲ್ಲಿ ಉಂಟು. ಹೇಳುವಾಗ ಖರ್ಚು, ಸ್ಥಳೀಯ ಭಾಷೆ, ಆ ಜಾಗಕ್ಕೆ ಯಾವ ರೀತಿ ಹೇಳಿದರೆ ಚೆನ್ನಾಗಿ ಮುಟ್ಟುತ್ತದೆ ಅನ್ನುವುದನ್ನೆಲ್ಲ ನೋಡಬೇಕು ಅಂತಲೂ ಉಂಟು. ನೋಟಿಸ್ ಬೋರ್ಡ್, ಪತ್ರಿಕೆ, ಸಾರಿ ಹೇಳುವುದು, ಇಂಟರ್ನೆಟ್, ಎಲ್ಲದರ ಹೆಸರೂ ಅಲ್ಲಿ ಬರುತ್ತದೆ. ಸ್ಥಳೀಯ ಭಾಷೆ ಅಂದರೆ ನಮ್ಮಲ್ಲಿ ಎಷ್ಟು? ಮಂಗಳೂರಿನ ಬಂದರಿನಲ್ಲಿ ಬ್ಯಾರಿ, ಪೇಟೆಯಲ್ಲಿ ಕೊಂಕಣಿ, ಎಲ್ಲೆಲ್ಲೂ ತುಳು, ಕುಂದಾಪುರಕ್ಕೆ ಹೋದರೆ ಅವರದೇ ಕನ್ನಡ. ಒಂದು ನಿಮಿಷದ ಧ್ವನಿ ಮುದ್ರಿಕೆ ತುಳುವಿನಲ್ಲಿ ವಾಟ್ಸ್‌ಆ್ಯಪಿಗೆ ಬಿಟ್ಟರೆ ಕನ್ನಡಕ ಹುಡುಕುವ ಅಜ್ಜಿಗೂ ವಿಷಯ ಮುಟ್ಟುತ್ತದೆ. ಇದಕ್ಕೆ ದೊಡ್ಡ ಕ್ಯಾಮರಾ ಬೇಡ. ನಾಲ್ಕು ಭಾಷೆ ಬಲ್ಲ ಒಂದು ಬಾಯಿ ಬೇಕು.

ರಿಬ್ಬನ್ ಫೋಟೋ ಬಗ್ಗೆಯೂ ಒಂದು ಮಾತು. ಸರಕಾರಿ ಜಾಹೀರಾತಿನಲ್ಲಿ ಯಾರ ಮುಖ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ರಾಷ್ಟ್ರಪತಿ, ಪ್ರಧಾನಿ, ಭಾರತದ ಮುಖ್ಯ ನ್ಯಾಯಮೂರ್ತಿ, ಇಷ್ಟೇ. ಮರುವರ್ಷ ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಗಳು ಸೇರಿಕೊಂಡರು. ವಾರ್ಡಿನ ಸದಸ್ಯರು ಆ ಪಟ್ಟಿಯಲ್ಲಿ ಇಲ್ಲ. ಫೇಸ್‌ಬುಕ್ ಪುಟ ಜಾಹೀರಾತಲ್ಲ ಅಂತ ವಕೀಲರು ವಾದಿಸಬಹುದು. ವಾದಿಸಲಿ ಬಿಡಿ.

ನನ್ನ ನಿಜವಾದ ಸಿಟ್ಟು ಬೇರೆ ಉಂಟು. ಈ ಇಬ್ಬರನ್ನು ಹೊರಗುತ್ತಿಗೆಯಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಬರೆದಿರಲ್ಲ, ಅಲ್ಲೇ ಕೆಲಸ ಕೆಡುವುದು. ಏಜೆನ್ಸಿಯವನು ನಡುವೆ ಕಮಿಷನ್ ಹಿಡಿಯುತ್ತಾನೆ. ಪತ್ರಿಕೋದ್ಯಮ ಓದಿದ ಹುಡುಗಿ ಬರುತ್ತಾಳೆ. ಮೊದಲ ವಾರ ಪ್ರಿಂಟರ್ ರಿಪೇರಿ, ಎರಡನೇ ವಾರ ಅಧ್ಯಕ್ಷರ ಹುಟ್ಟುಹಬ್ಬದ ಪೋಸ್ಟರ್. ಯಾರೋ "ನೀರು ಎಷ್ಟು ಗಂಟೆಗೆ?" ಅಂತ ಕೇಳಿದರೆ ಅವಳು ಇಂಜಿನಿಯರಿಗೆ ಫೋನ್ ಮಾಡಬೇಕು. ಅವರು ಎತ್ತುವುದಿಲ್ಲ. ಯಾಕೆ ಎತ್ತಬೇಕು? ಅವಳು ಯಾರು? ಆರು ತಿಂಗಳಲ್ಲಿ ಬಿಟ್ಟು ಬೆಂಗಳೂರಿಗೆ ಹೋಗುತ್ತಾಳೆ. ಆಮೇಲೆ ಪಾಸ್‌ವರ್ಡ್ ಯಾರಲ್ಲಿ ಉಂಟು ಅಂತ ಹುಡುಕಾಟ. ಫೋನ್ ಎತ್ತಲೇಬೇಕು ಅಂತ ಇಂಜಿನಿಯರಿಗೆ ಕಾಗದದಲ್ಲಿ ಆದೇಶ ಕೊಡದೆ ಇಬ್ಬರಲ್ಲ, ಇಪ್ಪತ್ತು ಜನರನ್ನು ತೆಗೆದುಕೊಂಡರೂ ಅಷ್ಟೆ.

ನಮ್ಮವರ ತಪ್ಪೂ ಉಂಟು. ನಾನು ಪತ್ರಿಕೆಗೆ ಸೇರಿದ ಕಾಲದಲ್ಲಿ ದಿನಾ ಒಬ್ಬ ವರದಿಗಾರ ನಗರಾಡಳಿತದ ಕಚೇರಿಗೆ ಹೋಗಿ ಬೆಂಚಿನಲ್ಲಿ ಕೂರುತ್ತಿದ್ದ. "ವ್ಯತ್ಯಯ" ಅಂತ ಕಾಗದ ಕೊಟ್ಟರೆ "ನೀರು ಬರುತ್ತದಾ ಇಲ್ವಾ ಹೇಳಿ ಸಾರ್" ಅಂತ ಕೇಳಿಯೇ ಎದ್ದು ಬರುತ್ತಿದ್ದ. ಈಗ ಪ್ರಕಟಣೆ ಇಮೇಲಿನಲ್ಲಿ ಬರುತ್ತದೆ, ನಾವು ಅದನ್ನು ಹಾಗೆಯೇ ಪುಟಕ್ಕೆ ಸುರಿಯುತ್ತೇವೆ. ಹಿಂದಿನ ಸಂಚಿಕೆಯ 31ನೇ ಪುಟ ನೋಡಿ, ನಾವೇ "ಸದರಿ" ಅಂತ ಅಚ್ಚು ಹಾಕಿದ್ದೇವೆ. ಅದನ್ನು ನೋಡಿ ನೀವು ಪತ್ರ ಬರೆಯಲಿಲ್ಲ. ಅದು ನನಗೆ ಸ್ವಲ್ಪ ಬೇಸರ.

ಹಾಗಾಗಿ ಮಾಷ್ಟ್ರೇ, ನಿಮ್ಮ ಸ್ಥಳೀಯ ಸಂಸ್ಥೆಯವರಿಗೆ ಅರ್ಜಿ ಬರೆಯುವುದಾದರೆ "ನೇಮಕ ಬೇಡ" ಅನ್ನಬೇಡಿ. ಸಂದರ್ಶನದಲ್ಲಿ ಕ್ಯಾಮರಾ ಯಾವ ಕಂಪನಿಯದ್ದು ಅಂತ ಕೇಳುವುದು ಬಿಟ್ಟು ಒಂದು ಹಾಳೆ ಕೊಟ್ಟು "ನಾಳೆ ನೀರಿಲ್ಲ ಅಂತ ಬರೆಯಿರಿ" ಅನ್ನಿ ಅಂತ ಬರೆಯಿರಿ. ನಾನೇ ಒಂದು ಮಾಡಿದ್ದೇನೆ: "ನಾಳೆ ಬುಧವಾರ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ 4, 5 ಮತ್ತು 9ನೇ ವಾರ್ಡಿಗೆ ನೀರು ಬರುವುದಿಲ್ಲ. ಪೈಪ್ ಒಡೆದಿದೆ. ಇವತ್ತೇ ಹಿಡಿದಿಟ್ಟುಕೊಳ್ಳಿ. ಮನೆಯಲ್ಲಿ ಸಮಾರಂಭ ಇದ್ದರೆ ಫೋನ್ ಮಾಡಿ, ಟ್ಯಾಂಕರ್ ಕಳುಹಿಸುತ್ತೇವೆ." ಕೊನೆಯ ಸಾಲು ಸ್ವಂತ ಅನುಭವದ್ದು. ಕೆಂಪು ಶಾಯಿ ಇನ್ನೂ ಇದ್ದರೆ ತಿದ್ದಿ ಕಳುಹಿಸಿ.

ಮತ್ತೆ, ಬೀದಿದೀಪದ ಬಗ್ಗೆ ಅಷ್ಟು ಬರೆದಿದ್ದೀರಿ, ಕಂಬದ ನಂಬ್ರ ಬರೆದಿಲ್ಲ. ದೂರು ಕೊಡುವಾಗ ಮೊದಲು ಕೇಳುವುದು ಅದನ್ನೇ. ಹಗಲು ಹೋಗಿ ನೋಡಿ, ಕಂಬದ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ.